ನೆಟ್ ಬರುವವರೆಗೆ ಕಾಯಿಸಬೇಡಿ, ತಾಲೂಕಿಗೊಂದು ಹಾರ್ಡ್ ಡಿಸ್ಕ್ ಕೊಡಿ

ಶಿವಮೊಗ್ಗ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಹೊಸನಗರ ಕಡೆಯ ಹಳ್ಳಿಯವನು. ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಕೆಟ್ಟಿದೆ ಎಂದರೆ ಹೋಗಿ ನೋಡಿಕೊಡುತ್ತೇನೆ. ನಿಜ ಹೇಳಬೇಕೆಂದರೆ ಅವುಗಳಲ್ಲಿ ಜಾಸ್ತಿ ಕೆಟ್ಟೇ ಇರುವುದಿಲ್ಲ. ಕೊಟ್ಟ ದಿನ ಏನಿತ್ತೋ ಅದೇ ಇದೆ, ಹೊಸದೇನೂ ಹಾಕಲು ಆಗಿಲ್ಲ, ಅಷ್ಟೇ. ಅಲ್ಲಿ ನೆಟ್ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಮೊದಲು ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಹೋಗುತ್ತದೆ.

ಟವರ್ ಬೇಕು, ಕೇಬಲ್ ಬೇಕು ಎಂದು ಕೇಳುವವರು ಬಹಳ ಜನ ಇದ್ದಾರೆ. ಅದು ಬೇಕೇ ಬೇಕು. ನಾನು ಕೇಳುತ್ತಿರುವುದು ಅದಕ್ಕಿಂತ ಸಣ್ಣದು, ಈ ವರ್ಷವೇ ಆಗುವಂಥದ್ದು: ಶಾಲೆಗಳಿಗೆ ಬೇಕಾದ ತಂತ್ರಾಂಶ ತುಂಬಿದ ಹಾರ್ಡ್ ಡಿಸ್ಕ್, ತಾಲೂಕಿಗೊಂದು.

‘ಪೆನ್ ಡ್ರೈವ್‌ನಲ್ಲಿ ತಂದು ಹಾಕಿದರಾಯ್ತಲ್ಲ’ ಎನ್ನುತ್ತಾರೆ. ಲಿನಕ್ಸ್ (ವಿಂಡೋಸ್ ಬದಲು ಬಳಸುವ ಉಚಿತ ವ್ಯವಸ್ಥೆ) ಇರುವ ಕಂಪ್ಯೂಟರ್‌ನಲ್ಲಿ ಅದು ಅಷ್ಟು ಸುಲಭವಲ್ಲ. ಸ್ಟೆಲ್ಲೇರಿಯಂ ತೆಗೆದುಕೊಳ್ಳಿ. ಆಕಾಶದ ನಕ್ಷತ್ರಗಳನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶ. ನಮ್ಮಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ನಕ್ಷತ್ರ ಕಾಣುವುದೇ ಅಪರೂಪ, ಹಾಗಾಗಿ ಮಕ್ಕಳಿಗೆ ಇದು ಬೇಕು ಅಂತ ನನಗೆ ಬಹಳ ಆಸೆ. ಆದರೆ ಆ ಒಂದು ಪ್ಯಾಕೇಜ್ (ತಂತ್ರಾಂಶವನ್ನು ಕಟ್ಟಿಟ್ಟ ಫೈಲ್) ತಂದರೆ ಸಾಲದು. ಅದರ ಡೇಟಾ ಬೇರೆ ಪ್ಯಾಕೇಜ್‌ನಲ್ಲಿದೆ. ಅದು ಓಡಲು ಬೇಕಾದ ಲೈಬ್ರರಿಗಳು, ಅಂದರೆ ಸಹಾಯಕ ತಂತ್ರಾಂಶಗಳು, ಬೇರೆ. ಆ ಲೈಬ್ರರಿಗಳಿಗೆ ಮತ್ತೆ ಬೇರೆಯವು ಬೇಕು. ಯಾವುದು ಈಗಾಗಲೇ ಇದೆ, ಯಾವುದು ಇಲ್ಲ ಎಂಬುದು ಒಂದೊಂದು ಕಂಪ್ಯೂಟರ್‌ನಲ್ಲಿ ಒಂದೊಂದು ಥರ. ಒಂದು ಬಿಟ್ಟುಹೋದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದೊಂದಕ್ಕಾಗಿ ಮತ್ತೆ ಪೇಟೆಯ ಬಸ್ಸು ಹತ್ತಬೇಕು.

ಇದಕ್ಕೆ ದಾರಿ ಇದೆ. ಡೆಬಿಯನ್ ಎಂಬುದು ಲಿನಕ್ಸ್‌ನ ಒಂದು ಬಗೆ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಸಾಮಾನ್ಯ 64 ಬಿಟ್ ಕಂಪ್ಯೂಟರ್‌ಗೆ ಬೇಕಾದ ಅಷ್ಟೂ ಒಂದು ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಹಿಡಿಸುತ್ತವೆ. ಶಿವಮೊಗ್ಗದಲ್ಲಿ ಒಳ್ಳೆ ನೆಟ್ ಇರುವ ಒಂದು ಕಂಪ್ಯೂಟರ್‌ಗೆ ಅವನ್ನೆಲ್ಲ ಒಮ್ಮೆ ಇಳಿಸಿಕೊಂಡರೆ, ಆಮೇಲೆ ಬದಲಾದವನ್ನಷ್ಟೇ ಇಳಿಸಿದರೆ ಸಾಕು. ಅದರ ಪ್ರತಿ ಏಳೂ ತಾಲೂಕಿನ ಬಿಆರ್‌ಸಿಗೆ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಹೋಗಲಿ. ಶಾಲೆ ಭೇಟಿಗೆ ಹೊರಡುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅದನ್ನು ಬ್ಯಾಗಿನಲ್ಲಿ ಒಯ್ಯಲಿ. ಆ ಡಿಸ್ಕ್ ಎಲ್ಲಿದೆ ಎಂದು ಡೆಬಿಯನ್ 13 ಇರುವ ಶಾಲೆಯ ಕಂಪ್ಯೂಟರ್‌ಗೆ ಹೇಳಿಕೊಟ್ಟರೆ ಸಾಕು. ಏನೇನು ಬೇಕೋ ಅದೇ ಹುಡುಕಿಕೊಂಡು ಹಾಕಿಕೊಳ್ಳುತ್ತದೆ. ಪತ್ರ, ಲೆಕ್ಕಪಟ್ಟಿ ಮಾಡುವ ಲಿಬ್ರೆ ಆಫೀಸ್, ಕನ್ನಡ ಫಾಂಟ್‌ಗಳು, ಸಣ್ಣ ಮಕ್ಕಳ ಕಲಿಕೆ ಆಟಗಳ ಜಿಕಾಂಪ್ರಿ, ಎಲ್ಲವೂ ಅದರಲ್ಲಿವೆ. ಇವನ್ನು ಪ್ರತಿ ಮಾಡಿ ಹಂಚಲು ಯಾರಿಗೂ ದುಡ್ಡು ಕೊಡಬೇಕಿಲ್ಲ.

ಕೈಯಿಂದ ಕೈಗೆ ಹೋಗುವ ಡಿಸ್ಕ್, ವೈರಸ್ ಬಂದರೆ ಏನು ಗತಿ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಡೆಬಿಯನ್‌ನ ಪ್ಯಾಕೇಜ್ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ. ನಡುವೆ ಯಾರಾದರೂ ಪ್ಯಾಕೇಜ್ ತಿದ್ದಿದರೆ ಆಪ್ಟ್ (ಪ್ಯಾಕೇಜ್ ಹಾಕುವ ಡೆಬಿಯನ್‌ನ ಸಾಧನ) ಅದನ್ನು ಹಾಕಲು ಒಪ್ಪುವುದಿಲ್ಲ. ಅವಸರಕ್ಕೆ ಆ ತಪಾಸಣೆಯನ್ನು ಆಫ್ ಮಾಡಬಾರದು ಎಂದು ಸುತ್ತೋಲೆಯಲ್ಲಿ ಬರೆಸಿ.

ಇನ್ನೊಂದು ಮಾತು. ಡೆಬಿಯನ್ 13ಕ್ಕೆ 32 ಬಿಟ್ ಯಂತ್ರಗಳ ಇನ್‌ಸ್ಟಾಲರ್ ಇಲ್ಲ. ಅಂಥ ಹಳೇ ಕಂಪ್ಯೂಟರ್ ಇರುವ ಶಾಲೆಗಳಿಗೆ ಡೆಬಿಯನ್ 12ರ ಡಿಸ್ಕ್ ಬೇರೆ ಬೇಕು. ಎರಡನ್ನೂ ಬೆರೆಸಿದರೆ ಕಂಪ್ಯೂಟರ್ ನಿಜವಾಗಿಯೂ ಕೆಡಬಹುದು. ಹಾಗಾಗಿ ಯಾವ ಶಾಲೆಯಲ್ಲಿ ಯಾವ ಯಂತ್ರ ಇದೆ ಎಂಬ ಪಟ್ಟಿಯನ್ನು ಬಿಇಒಗಳಿಂದ (ಕ್ಷೇತ್ರ ಶಿಕ್ಷಣಾಧಿಕಾರಿಗಳಿಂದ) ಮೊದಲು ತರಿಸಿಕೊಳ್ಳಿ.

ಸಾಧ್ಯವಾದರೆ ಹೊಸನಗರದಿಂದಲೇ ಶುರು ಮಾಡಿ. ಸಿಆರ್‌ಪಿಗಳಿಗೆ ಒಂದು ದಿನದ ತರಬೇತಿ ಇಟ್ಟರೆ ನಾನು ಬಂದು ಹೇಳಿಕೊಡುತ್ತೇನೆ. ಶಾಲೆಗಳಿಗೆ ಬೇಕಾದ ಪ್ಯಾಕೇಜ್‌ಗಳ ಪಟ್ಟಿಯನ್ನೂ ಬರೆದು ಕೊಡುತ್ತೇನೆ. ಮಳೆ ಹಿಡಿಯುವ ಮೊದಲು ದಿನ ಗೊತ್ತು ಮಾಡಿ, ಸಾರ್.

ಇಂತಿ ನಿಮ್ಮ ವಿಶ್ವಾಸಿ,
ಹೊಸನಗರ ತಾಲೂಕಿನ ಒಬ್ಬ ನಾಗರಿಕ