ಗೆಳೆಯನಿಗೊಂದು ಪತ್ರ: ನುಡಿಸಬೇಕೋ ಬೇಡವೋ ಎಂದು ಕೇಳಿದ್ದಕ್ಕೆ

ಶಿರಸಿ

ಪ್ರಿಯ ಗೆಳೆಯನಿಗೆ,

ನೀನು ಕಾರವಾರದಿಂದ ಕಳುಹಿಸಿದ ಸ್ಕೋರು, ಅಂದರೆ ಎಲ್ಲ ವಾದ್ಯಗಳ ಪಾಲನ್ನು ಬರೆದ ಸ್ವರಲಿಪಿ, ಮತ್ತು ತಾಲೀಮಿನ ಧ್ವನಿಮುದ್ರಣ ಎರಡೂ ತಲುಪಿದವು. ಶಾಲೆಯ ವಾರ್ಷಿಕ ಬ್ಯಾಂಡ್ ಕಾರ್ಯಕ್ರಮದಲ್ಲಿ ಗುಮಟೆ ಪಾಂಗಿನ, ಅಂದರೆ ಗುಮಟೆ ಎಂಬ ಮಣ್ಣಿನ ಚರ್ಮವಾದ್ಯವನ್ನು ಬಾರಿಸುತ್ತ ಹಾಡುವ, ಹಾಡಿಗೆ ನೀನೇ ಮಾಡಿದ ಸಂಯೋಜನೆಯನ್ನು ನುಡಿಸಬೇಕೋ, ಅಥವಾ ಮುಖ್ಯಾಧ್ಯಾಪಕರ ಇಚ್ಛೆಯಂತೆ ಮಕ್ಕಳಿಗೆ ಈಗಾಗಲೇ ಕೈವಶವಾಗಿರುವ ಮಾರ್ಚನ್ನು, ಆ ಕವಾಯತಿನ ನಡಿಗೆಯ ಕೃತಿಯನ್ನು, ನುಡಿಸಬೇಕೋ ಎಂದು ಕೇಳಿದ್ದೀಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಿನ್ನದನ್ನೇ ನುಡಿಸು, ಆದರೆ ಈಗಿರುವ ರೂಪದಲ್ಲಿ ಬೇಡ. ಈ ಸ್ಕೋರು ನಿನ್ನ ಮನಸ್ಸಿನಲ್ಲಿ ಕೇಳಿಸುತ್ತಿರುವ ಬ್ಯಾಂಡಿಗೆ ಬರೆದದ್ದು. ದಿನವೂ ಶಾಲೆ ಬಿಟ್ಟ ಮೇಲೆ ನಿನ್ನೆದುರು ಬಂದು ಕೂರುವ ಇಪ್ಪತ್ತೆರಡು ಮಕ್ಕಳಿಗೆ ಬರೆದದ್ದಲ್ಲ. ಅವೆರಡರ ನಡುವಿನ ಅಂತರ ದೊಡ್ಡದೇನಲ್ಲ, ಕುಳಿತು ತಿದ್ದಿದರೆ ಸರಿಹೋಗುವಷ್ಟೇ ಇದೆ ಎಂಬ ನಂಬಿಕೆಯಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೇಷ್ಟ್ರು ತಮ್ಮ ಪಾಂಡಿತ್ಯ ಮೆರೆಸಲು ಮಕ್ಕಳನ್ನು ಬಳಸಿಕೊಂಡರು ಎಂದು ಜನ ಆಡಿಕೊಂಡಾರು ಎಂಬ ನಿನ್ನ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಆ ಮಾತು ನಿಜವಾಗುವುದು ಮಕ್ಕಳು ವೇದಿಕೆಯ ಮೇಲೆ ತಡವರಿಸಿದಾಗ ಮಾತ್ರ. ಪ್ರತಿಯೊಂದು ಮಗುವೂ ತನ್ನ ಪಾಲನ್ನು ನಿರಾಳವಾಗಿ ನುಡಿಸಿದರೆ ಸಂಯೋಜನೆ ಯಾರದೆಂಬ ಪ್ರಶ್ನೆಯೇ ಹಿಂದೆ ಸರಿಯುತ್ತದೆ. ಅಚ್ಚಾಗಿ ಬರುವ ಸ್ಕೋರುಗಳ ಪರವಾಗಿ ಒಂದು ಮಾತು ಹೇಳಲೇಬೇಕು: ಅವುಗಳನ್ನು ಎಷ್ಟೋ ಶಾಲೆಗಳು ನುಡಿಸಿ ನೋಡಿರುತ್ತವೆ, ಯಾವ ಸ್ವರ ಯಾವ ವಯಸ್ಸಿನ ತುಟಿಗೆ ಎಟಕುತ್ತದೆ ಎಂಬುದನ್ನು ಅವುಗಳನ್ನು ಬರೆದವರು ಲೆಕ್ಕಹಾಕಿರುತ್ತಾರೆ. ನಿನ್ನ ಸ್ಕೋರಿಗೆ ಅಂಥ ಪರೀಕ್ಷೆ ಇನ್ನೂ ಆಗಿಲ್ಲ. ಆದರೆ ಆ ಅಚ್ಚಾದ ಸ್ಕೋರುಗಳು ಓಬೋ, ಬಸೂನ್, ಫ್ರೆಂಚ್ ಹಾರ್ನ್ ಎಲ್ಲವೂ ಇವೆಯೆಂದು ತಿಳಿದು ಬರೆದವು. ನಿನ್ನಲ್ಲಿ ಈ ಮೂರೂ ಇಲ್ಲ. ಆ ಪಾಲುಗಳನ್ನು ಬಿಟ್ಟು ನುಡಿಸಿದಾಗ ನಡುವಿನ ಸ್ವರಗಳು ಖಾಲಿಯಾಗಿ ಇಡೀ ಕೃತಿ ಸೊರಗಿದಂತೆ ಕೇಳಿಸುವುದನ್ನು ನೀನೇ ಹಲವು ಸಲ ನನ್ನೊಡನೆ ಹೇಳಿಕೊಂಡು ನೊಂದಿದ್ದೀಯ. ನಿನ್ನ ಬ್ಯಾಂಡಿನಲ್ಲಿ ಇರುವುದಕ್ಕಾಗಿಯೇ ಬರೆಯಬಲ್ಲವನು ನೀನೊಬ್ಬನೇ. ಸ್ವಂತ ಸಂಯೋಜನೆಗೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಾಗಿಲ್ಲ.

ಈಗ ತಿದ್ದುಪಡಿಯ ಮಾತು. ಮೊದಲನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಶ್ರುತಿ. ಹಾಡು ಹೇಳಿಕೊಟ್ಟ ಅಜ್ಜ ಅಂದು ಹಿಡಿದ ಶ್ರುತಿ ಡಿ ಆಗಿತ್ತೆಂಬ ಕಾರಣಕ್ಕೆ ನೀನು ಇಡೀ ಸ್ಕೋರನ್ನು ಡಿ ಮೇಜರಿನಲ್ಲಿ ಬರೆದಿದ್ದೀಯ. ಕ್ಲಾರಿನೆಟ್ ಮತ್ತು ಟ್ರಂಪೆಟ್ ಬಿ ಫ್ಲ್ಯಾಟ್ ವಾದ್ಯಗಳಾದ್ದರಿಂದ, ಅಂದರೆ ಹಾಳೆಯಲ್ಲಿ ಸಿ ಎಂದು ಬರೆದದ್ದು ಅವುಗಳಲ್ಲಿ ಬಿ ಫ್ಲ್ಯಾಟ್ ಆಗಿ ಕೇಳಿಸುವುದರಿಂದ, ಆ ಮಕ್ಕಳ ಹಾಳೆಯ ಮೇಲೆ ಅದು ಇ ಮೇಜರ್ ಆಗುತ್ತದೆ, ನಾಲ್ಕು ಶಾರ್ಪ್, ಎಂದರೆ ಅರ್ಧ ಸ್ವರ ಏರಿಸಿ ನುಡಿಸಬೇಕಾದ ನಾಲ್ಕು ಸ್ವರ. ಆಲ್ಟೋ ಸ್ಯಾಕ್ಸೋಫೋನ್ ಇ ಫ್ಲ್ಯಾಟ್ ವಾದ್ಯ, ಅದನ್ನು ಹಿಡಿದ ಮಗುವಿಗೆ ಬಿ ಮೇಜರ್, ಐದು ಶಾರ್ಪ್. ಎರಡು ವರ್ಷ ಕಲಿತ ಮಗು ಐದು ಶಾರ್ಪುಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿನ ಲಯವನ್ನೂ ಹಿಡಿಯಬೇಕೆಂದರೆ ಅದರ ಗಮನವೆಲ್ಲ ಬೆರಳಿನಲ್ಲೇ ಉಳಿಯುತ್ತದೆ. ಇಡೀ ಕೃತಿಯನ್ನು ಅರ್ಧ ಸ್ವರ ಏರಿಸಿ ಇ ಫ್ಲ್ಯಾಟಿಗೆ ತಂದು ನೋಡು: ಕ್ಲಾರಿನೆಟ್, ಟ್ರಂಪೆಟ್‌ಗಳಿಗೆ ಎಫ್ ಮೇಜರ್, ಒಂದೇ ಫ್ಲ್ಯಾಟ್, ಎಂದರೆ ಅರ್ಧ ಸ್ವರ ಇಳಿಸಬೇಕಾದ ಒಂದೇ ಸ್ವರ; ಆಲ್ಟೋಗೆ ಸಿ ಮೇಜರ್, ಶಾರ್ಪೂ ಇಲ್ಲ, ಫ್ಲ್ಯಾಟೂ ಇಲ್ಲ. ದಪ್ಪ ದನಿಯ ಹಿತ್ತಾಳೆ ವಾದ್ಯಗಳಾದ ಟ್ರೊಂಬೋನ್ ಮತ್ತು ಯೂಫೋನಿಯಂ ನುಡಿಸುವ ಮಕ್ಕಳಿಗಂತೂ ಫ್ಲ್ಯಾಟುಗಳೇ ಹೆಚ್ಚು ಪರಿಚಿತ. ಅಜ್ಜನ ಶ್ರುತಿಯನ್ನು ಬದಲಿಸುವುದು ಅಪಚಾರವಾದೀತೇ ಎಂದು ನೀನು ಹಿಂದಿನ ಪತ್ರದಲ್ಲಿ ಕೇಳಿದ್ದೆ. ಆಗುವುದಿಲ್ಲ. ಅಜ್ಜ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಿದವರಲ್ಲ. ಮರುದಿನ ಬೆಳಿಗ್ಗೆ ಅವರೇ ಬೇರೊಂದು ಶ್ರುತಿಯಲ್ಲಿ ಎತ್ತಿಕೊಂಡಾರು. ನಮ್ಮ ಯಕ್ಷಗಾನದಲ್ಲಿ ಭಾಗವತರ ಕಂಠಕ್ಕೆ ಮದ್ದಳೆಯನ್ನು ಶ್ರುತಿ ಮಾಡುತ್ತಾರೆಯೇ ಹೊರತು ಮದ್ದಳೆಗೆ ಭಾಗವತರು ಕಂಠ ಹೊಂದಿಸಿಕೊಳ್ಳುವುದಿಲ್ಲ. ನಿನ್ನ ಕೃತಿಯಲ್ಲಿ ಹಾಡುವವರು ಮಕ್ಕಳು. ಶ್ರುತಿ ಅವರಿಗೆ ಒಪ್ಪಬೇಕು.

ಎರಡನೆಯದು, ಹದಿನೇಳನೆಯ ಬಾರಿನಲ್ಲಿ, ಸ್ಕೋರಿನ ಎರಡು ನಿಲುಗೆರೆಗಳ ನಡುವಿನ ಆ ಮನೆಯಲ್ಲಿ, ಆಗುತ್ತಿರುವುದು. ಧ್ವನಿಮುದ್ರಣದಲ್ಲಿ ಆ ಜಾಗ ಬಂದಾಗಲೆಲ್ಲ ಹಿಂದಿನ ಸಾಲಿನ ಒಂದು ಕ್ಲಾರಿನೆಟ್ ಕೀಚೆನ್ನುತ್ತದೆ, ನೀನು ನಿಲ್ಲಿಸುತ್ತೀಯ, ಮತ್ತೆ ಹೇಳಿಕೊಡುತ್ತೀಯ, ಮತ್ತೆ ಅದೇ. ಆ ಹುಡುಗಿಯ ಅಭ್ಯಾಸ ಸಾಲದು ಎಂದು ನೀನು ಬರೆದಿದ್ದೀಯ. ನಾನು ಹಾಗೆ ಭಾವಿಸುವುದಿಲ್ಲ. ಅಲ್ಲಿ ನೀನು ಎ ಸ್ವರದಿಂದ ಬಿ ಸ್ವರಕ್ಕೆ ವೇಗವಾಗಿ ಹೋಗಿ ಬರುವಂತೆ ಬರೆದಿದ್ದೀಯ. ಕ್ಲಾರಿನೆಟ್ಟಿನಲ್ಲಿ ಆ ಎ ಸ್ವರಕ್ಕೆ ಎಡಗೈ ತೋರುಬೆರಳಿನಿಂದ ಒಂದು ಕೀಲಿ ಒತ್ತಿದರೆ ಸಾಕು, ರಂಧ್ರಗಳೆಲ್ಲ ತೆರೆದಿರುತ್ತವೆ. ಅದರ ಪಕ್ಕದ ಬಿ ಸ್ವರಕ್ಕೆ ಎಲ್ಲ ರಂಧ್ರಗಳನ್ನೂ ಒಟ್ಟಿಗೆ ಮುಚ್ಚಿ, ಹೆಬ್ಬೆರಳಿನಿಂದ ದನಿಯನ್ನು ಮೇಲಕ್ಕೇರಿಸುವ ರಿಜಿಸ್ಟರ್ ಕೀಲಿಯನ್ನೂ ಒತ್ತಬೇಕು. ಚಿಕ್ಕ ಬೆರಳುಗಳಲ್ಲಿ ಒಂದು ರಂಧ್ರ ಎಳ್ಳಷ್ಟು ತೆರೆದುಕೊಂಡರೂ ಕೀಚಲು ಶಬ್ದ ಬರುತ್ತದೆ. ಕ್ಲಾರಿನೆಟ್ ಕಲಿಯುವ ಎಲ್ಲರೂ ಎಡವುವ ಜಾಗ ಅದು. ಎಫ್ ಮೇಜರಿಗೆ ತಂದ ಮೇಲೂ ಬಿ ಫ್ಲ್ಯಾಟಿನಿಂದ ಸಿಗೆ ದಾಟುವಾಗ ಅದೇ ಕಷ್ಟ ಉಳಿಯುತ್ತದೆ. ಆದ್ದರಿಂದ ಮೊದಲನೇ ಸಾಲಿನ ಇಬ್ಬರಿಗೆ ಮಾತ್ರ ಈಗಿನ ಸ್ಥಾಯಿಯನ್ನು ಉಳಿಸಿ, ಉಳಿದವರಿಗೆ ಅದೇ ಹಾಡನ್ನು ಒಂದು ಸ್ಥಾಯಿ ಕೆಳಗೆ ಕೊಡು. ಆಗ ಕೆಳಗಿನ ಎಫ್‌ನಿಂದ ಡಿವರೆಗಿನ ಸ್ವರಗಳಷ್ಟೇ ಅವರ ಪಾಲಿಗೆ ಬರುತ್ತವೆ, ದಾಟುವ ಪ್ರಮೇಯವೇ ಇರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕ್ಲಾರಿನೆಟ್ಟಿನ ಆ ಕೆಳಗಿನ ಸ್ಥಾಯಿಯ ದನಿಯಲ್ಲಿ ಒಂದು ಗಾಢವಾದ ಮರದ ಗುಣವಿದೆ. ಮುದುಕರ ಕಂಠಕ್ಕೆ ಅದು ಬಹಳ ಹತ್ತಿರ. ಈ ತಿದ್ದುಪಡಿಯಿಂದ ಮಕ್ಕಳಿಗೂ ಸುಲಭ, ಹಾಡಿಗೂ ಒಳ್ಳೆಯದು.

ಟ್ರಂಪೆಟ್‌ಗಳನ್ನು ಕೊನೆಯಲ್ಲಿ ಐದು ಗೆರೆಗಳ ಮೇಲಿನ ಎ ವರೆಗೆ ಏರಿಸಿದ್ದೀಯ. ಅರ್ಧ ಗಂಟೆ ನುಡಿಸಿ ದಣಿದ ತುಟಿಗೆ ಅದು ಸಿಗುವುದಿಲ್ಲ. ಕೆಳಗಿಳಿಸು.

ಮೂರನೆಯದನ್ನು ಹೇಳಲು ನನಗೆ ಸ್ವಲ್ಪ ಸಂಕೋಚವಿದೆ, ಏಕೆಂದರೆ ನೀನು ಅದಕ್ಕಾಗಿ ಬಹಳ ಶ್ರಮಪಟ್ಟಿದ್ದೀಯ ಎಂಬುದು ಹಾಳೆಯ ಮೇಲೆಯೇ ಕಾಣುತ್ತದೆ. ಮೊದಲ ಸಾಲಿನಿಂದಲೇ ನೀನು ಹಾಡಿನ ಅಡಿಗೆ ಒಟ್ಟಿಗೆ ಕೇಳಿಸುವ ಮೂರು ಸ್ವರಗಳ ಗುಂಪುಗಳನ್ನು, ಅಂದರೆ ಕಾರ್ಡುಗಳನ್ನು, ಹಾಕಿದ್ದೀಯ. ನಿನ್ನ ಮೊಬೈಲಿನಲ್ಲಿರುವ ಅಜ್ಜನ ಹಾಡನ್ನು ಇನ್ನೊಮ್ಮೆ ಕೇಳು. ಅವರ ಗಾಂಧಾರ ಹಾರ್ಮೋನಿಯಂನ ಎರಡು ಗಾಂಧಾರಗಳ ನಡುವೆ ಎಲ್ಲೋ ನಿಲ್ಲುತ್ತದೆ, ಅದೂ ಸಾಲಿನಿಂದ ಸಾಲಿಗೆ ಸ್ವಲ್ಪ ಸರಿಯುತ್ತದೆ. ಅದರ ಅಡಿಗೆ ಮೇಜರ್ ಕಾರ್ಡನ್ನು ಇಟ್ಟ ಕೂಡಲೇ ಆ ಸ್ವರ ಒಂದೇ ಕಡೆ ಕಟ್ಟಿಬೀಳುತ್ತದೆ, ಹಾಡು ಪ್ರಾರ್ಥನಾ ಗೀತೆಯಂತೆ ಕೇಳಿಸತೊಡಗುತ್ತದೆ. ಕವಾಟಗಳಿರುವ ವಾದ್ಯಗಳಲ್ಲಿ ಆ ನಡುವಿನ ಗಾಂಧಾರವನ್ನು ಹಿಡಿಯುವುದು ಮಕ್ಕಳಿಗೆ ಸಾಧ್ಯವಿಲ್ಲ. ಆದರೆ ಟ್ರೊಂಬೋನಿನ ಸರಿಯುವ ನಳಿಕೆಯಲ್ಲಿ ಸಾಧ್ಯವಿದೆ. ಹಾಗಾಗಿ ಮೊದಲ ಸಲ ಹಾಡನ್ನು ಒಂಟಿ ಟ್ರೊಂಬೋನಿಗೆ ಕೊಟ್ಟು, ಅಡಿಗೆ ಯೂಫೋನಿಯಂನಿಂದ ಷಡ್ಜ ಪಂಚಮ ಮಾತ್ರ ಹಿಡಿಸು. ಮುಂದಾಳು ಒಂದು ಸಾಲು ಹೇಳಿ ಉಳಿದವರು ಅದನ್ನೇ ಎತ್ತಿಕೊಳ್ಳುವ ಕ್ರಮ ಹಾಡಿನಲ್ಲಿಯೇ ಇದೆಯಲ್ಲ. ಎರಡನೇ ಸಲ ಇಡೀ ಬ್ಯಾಂಡು ಒಂದೇ ಸ್ವರದಲ್ಲಿ ಎತ್ತಿಕೊಳ್ಳಲಿ. ನಿನ್ನ ಕಾರ್ಡುಗಳು ಮೂರನೇ ಸಲಕ್ಕೆ ಬರಲಿ. ಹಾಡು ಏನೆಂಬುದು ಕೇಳುವವರಿಗೆ ಅಷ್ಟರಲ್ಲಿ ತಿಳಿದಿರುತ್ತದೆ, ನೀನು ಅದಕ್ಕೆ ಏನನ್ನು ಸೇರಿಸಿದೆ ಎಂಬುದೂ ಆಗ ಸ್ಪಷ್ಟವಾಗಿ ಕೇಳಿಸುತ್ತದೆ.

ಗುಮಟೆಯ ವಿಷಯದಲ್ಲಿ ಒಂದೇ ಮಾತು. ಅದರ ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ಖಾಲಿ. ಆ ಖಾಲಿ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದಾಗ ಹೊರಡುವ ಏರಿಳಿತದ ಗುಂಕಾರದಲ್ಲಿಯೇ ಅದರ ಜೀವವಿದೆ. ಸೈಡ್ ಡ್ರಮ್ಮಿನ ತಂತಿಗಳ ಗರಗರ ಶಬ್ದದಲ್ಲಿ ಅದು ಪೂರ್ತಿ ಮುಳುಗಿಹೋಗುತ್ತಿದೆ. ಈ ಕೃತಿ ಮುಗಿಯುವವರೆಗೂ ಸೈಡ್ ಡ್ರಮ್ಮಿನ ತಂತಿಯ ಕ್ಲಿಪ್ಪನ್ನು ಸಡಿಲಿಸಿಡು. ಹಿಂದೆ ಗುಮಟೆಗೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಆದ್ದರಿಂದ ಶಾಲೆಯ ವೇದಿಕೆಗೆ ಬರುವ ಗುಮಟೆ ಆಡಿನ ಚರ್ಮದ್ದೇ ಎಂದು ಖಚಿತಪಡಿಸಿಕೊ. ಕಡಲ ಗಾಳಿಗೆ ಚರ್ಮ ಸಡಿಲವಾಗುತ್ತದೆ, ನುಡಿಸುವ ಮೊದಲು ಬಿಸಿ ತಾಗಿಸಬೇಕು ಎಂಬುದನ್ನು ನಿನಗೆ ಹೇಳಬೇಕಾಗಿಲ್ಲ.

ಇನ್ನು ಅಜ್ಜನ ವಿಚಾರ. ಹಾಡು ಸಿಕ್ಕಿದ್ದು ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಕೇರಿಯಾದ ಕೊಪ್ಪದಲ್ಲಿ, ನಿನ್ನ ವಿದ್ಯಾರ್ಥಿಯೊಬ್ಬನ ಅಜ್ಜನಿಂದ. ಕಾರ್ಯಕ್ರಮ ಪಟ್ಟಿಯಲ್ಲಿ ನೀನು ಹಾಕಿರುವುದು ‘ಜಾನಪದ ಧಾಟಿ’ ಎಂಬ ಎರಡು ಪದ ಮತ್ತು ಅದರ ಮುಂದೆ ನಿನ್ನ ಹೆಸರು. ಇದು ಸರಿಯಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಾವಿಬ್ಬರೂ ಹಿಗ್ಗಿದ್ದು ಏಕೆಂದು ನೆನಪಿಸಿಕೊ: ಹಾಲಕ್ಕಿ ಹಾಡುಗಳ ಜೊತೆಗೆ ಅವುಗಳನ್ನು ಉಳಿಸಿಕೊಂಡು ಬಂದ ಒಬ್ಬ ಹಾಡುಗಾರ್ತಿಯ ಹೆಸರನ್ನು ಇಡೀ ದೇಶ ಕೇಳಿತಲ್ಲ ಎಂದು. ಆದ್ದರಿಂದ ಈ ವಾರವೇ ಆ ಕೊಪ್ಪಕ್ಕೆ ಹೋಗಿ, ತಾಲೀಮಿನ ಧ್ವನಿಮುದ್ರಣವನ್ನು ಅಜ್ಜನಿಗೆ ಕೇಳಿಸು. ಈ ಹಾಡನ್ನು ಇಂಥ ಕಡೆ, ಇಂಥ ಸಮಯದಲ್ಲಿ ನುಡಿಸಬಹುದೇ ಎಂದು ಕೇಳು. ಸುಗ್ಗಿಯ ಹಾಡಾಗಿದ್ದರೆ ಹೋಳಿ ಹುಣ್ಣಿಮೆಯ ಸಮಯಕ್ಕೆ ಸೇರಿದ್ದೆಂದು ಅವರು ಹೇಳಿದರೂ ಹೇಳಿಯಾರು. ಬೇಡ ಎಂದರೆ ಅಲ್ಲಿಗೆ ಬಿಡು, ಎಷ್ಟೇ ಚೆನ್ನಾಗಿ ತಿದ್ದಿದ್ದರೂ ಸರಿ. ಆಗಬಹುದೆಂದರೆ, ಅವರ ಒಪ್ಪಿಗೆ ಪಡೆದು, ಪಟ್ಟಿಯಲ್ಲಿ ಅವರ ಹೆಸರು ಮತ್ತು ಊರು ಮೊದಲು ಬರಲಿ, ನಿನ್ನದು ನಂತರ.

ನಡುವೆ ಸೇರಿಸಿರುವ ಸಿನಿಮಾ ಹಾಡಿನ ತುಣುಕನ್ನು ತೆಗೆದುಬಿಡು. ಮುಖ್ಯಾಧ್ಯಾಪಕರನ್ನು ಒಪ್ಪಿಸಲು ಸೇರಿಸಿದ್ದೆಂದು ಬರೆದಿದ್ದೀಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿಯನ್ನು ಬೇರೆ ವಾದ್ಯಗಳಿಗೆ ಅಳವಡಿಸುವ ಹಕ್ಕು ಆ ಕೃತಿಯ ಹಕ್ಕುದಾರರದು. ಶಾಲೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರ ಮುಂದೆ ಮಕ್ಕಳು ನುಡಿಸುವುದಕ್ಕೆ 52ನೇ ಕಲಮಿನಲ್ಲಿ ವಿನಾಯಿತಿ ಇದೆ ನಿಜ. ಆದರೆ ಅದು ಆ ಸಭಾಂಗಣದೊಳಗಿನ ಪ್ರದರ್ಶನಕ್ಕೆ ಮಾತ್ರ. ಯಾರಾದರೂ ಅದನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದರೆ, ಅಥವಾ ಮುಂದೊಂದು ದಿನ ಟ್ಯಾಗೋರ್ ಕಡಲತೀರದ ವೇದಿಕೆಯಲ್ಲಿ ಸಾರ್ವಜನಿಕರೆದುರು ನುಡಿಸಲು ಕರೆ ಬಂದರೆ, ಆ ವಿನಾಯಿತಿ ನಿನ್ನ ನೆರವಿಗೆ ಬರುವುದಿಲ್ಲ. ಕಾಯ್ದೆಯ ಮಾತು ಹಾಗಿರಲಿ, ಆ ತುಣುಕು ಅಲ್ಲಿ ಒಪ್ಪುವುದೂ ಇಲ್ಲ; ಅಜ್ಜನ ಹಾಡು ಆಗಷ್ಟೇ ಕಿವಿಗೆ ಹತ್ತುತ್ತಿರುವಾಗ ಅದು ಬಂದು ಎಲ್ಲರ ಗಮನವನ್ನೂ ಎಳೆದುಕೊಂಡು ಹೋಗುತ್ತದೆ.

ಪೋಷಕರಲ್ಲಿ ಅರ್ಧದಷ್ಟು ಮಂದಿ ಅರಗಾದ ನೌಕಾನೆಲೆಯವರು, ದೇಶದ ಬೇರೆ ಬೇರೆ ಮೂಲೆಗಳಿಂದ ಬಂದವರು, ನೌಕಾಪಡೆಯ ವಾದ್ಯವೃಂದವನ್ನು ಕೇಳಿ ಪಳಗಿದವರು. ಅವರಿಗೆ ಈ ಹಾಡು ಹಿಡಿಸುತ್ತದೆಯೇ ಎಂಬ ಮುಖ್ಯಾಧ್ಯಾಪಕರ ಸಂದೇಹ ಸಹಜವಾದದ್ದೇ. ನಾನು ಅದನ್ನು ತಿರುಗಿಸಿ ನೋಡುತ್ತೇನೆ. ಮಾರ್ಚನ್ನು ಅವರು ನಿನ್ನ ಮಕ್ಕಳಿಗಿಂತ ಎಷ್ಟೋ ಚೆನ್ನಾಗಿ ನುಡಿಸುವವರಿಂದ ಕೇಳಿದ್ದಾರೆ. ಗುಮಟೆಯ ಹಿಂದೆ ಬ್ಯಾಂಡು ಎದ್ದು ಬರುವುದನ್ನು ಕಾರವಾರದಲ್ಲಿ ನಿನ್ನ ಮಕ್ಕಳಲ್ಲದೆ ಮತ್ತಾರು ಅವರಿಗೆ ಕೇಳಿಸಬೇಕು? ಆದರೂ ಮಾರ್ಚನ್ನು ಕೈಬಿಡಬೇಡ. ಅದನ್ನು ಮೊದಲು ನುಡಿಸಿ ಮಕ್ಕಳ ಉಸಿರು, ಧೈರ್ಯ ಎರಡೂ ಸ್ಥಿರವಾದ ಮೇಲೆ ನಿನ್ನ ಕೃತಿಗೆ ಬಾ.

ಕೊನೆಯ ನಿರ್ಧಾರಕ್ಕೆ ಕಾರ್ಯಕ್ರಮದ ಹಿಂದಿನ ವಾರವನ್ನು ಗಡುವಾಗಿ ಇಟ್ಟುಕೊ. ಅಂದು ನೀನು ಮುಂದೆ ನಿಂತು ಕೈಯಾಡಿಸಬೇಡ. ಗುಮಟೆ ಹಿಡಿದ ಹುಡುಗನಿಗೆ ಲಯ ಒಪ್ಪಿಸಿ, ಸಭಾಂಗಣದ ಕೊನೆಯ ಸಾಲಿನಲ್ಲಿ ಹೋಗಿ ಕೂತುಕೊ. ಹದಿನೇಳನೆಯ ಬಾರನ್ನು ಆ ಹಿಂದಿನ ಸಾಲಿನ ಹುಡುಗಿ ನಿನ್ನ ಮುಖ ನೋಡದೆ ದಾಟಿದರೆ ಕೃತಿಯನ್ನು ಪಟ್ಟಿಯಲ್ಲಿ ಉಳಿಸು. ದಾಟದಿದ್ದರೆ ಈ ವರ್ಷ ಮಾರ್ಚು ಸಾಕು. ಸ್ಕೋರು ಎಲ್ಲಿಗೂ ಹೋಗುವುದಿಲ್ಲ, ಆ ಮಕ್ಕಳು ಮುಂದಿನ ವರ್ಷ ಇನ್ನಷ್ಟು ಕಲಿತಿರುತ್ತಾರೆ.

ಎರಡನೇ ಮತ್ತು ಮೂರನೇ ಕ್ಲಾರಿನೆಟ್‌ಗಳ ಪಾಲನ್ನು ಇ ಫ್ಲ್ಯಾಟಿಗೆ ಏರಿಸಿ, ಒಂದು ಸ್ಥಾಯಿ ಇಳಿಸಿ, ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ಆಲ್ಟೋ ಮತ್ತು ಟ್ರಂಪೆಟ್ ಪಾಲುಗಳನ್ನು ಭಾನುವಾರದೊಳಗೆ ಮುಗಿಸಿ ಕಳುಹಿಸುತ್ತೇನೆ. ಟ್ರೊಂಬೋನಿನ ಆರಂಭವನ್ನು ಮಾತ್ರ ನೀನೇ ಬರೆಯಬೇಕು, ಅಜ್ಜನ ಹಾಡನ್ನು ಎದುರು ಕೂತು ಕೇಳಿದವನು ನೀನು. ಅವರು ಏನೆಂದರು ಎಂಬುದನ್ನು ತಡಮಾಡದೆ ತಿಳಿಸು.

ನಿನ್ನ ಗೆಳೆಯ