ಮುಟ್ಟಿನ ನೋವು: ಹಾಸ್ಟೆಲ್ ಹುಡುಗಿಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುಟ್ಟಿನ ಹೊಟ್ಟೆನೋವಿಗೆ ಸುಮ್ನೆ ಹಲ್ಲು ಕಚ್ಚಿ ಮಲಗಬೇಡಿ. ಪ್ರೊಸ್ಟಗ್ಲಾಂಡಿನ್ ಅನ್ನೋ ಅಂಶ ಜಾಸ್ತಿಯಾದಾಗ ಗರ್ಭಕೋಶ ಬಿಗಿಯಾಗಿ ಹಿಂಡುತ್ತದೆ. ನೋವು ಅದರದ್ದೇ.

ಮೊದಲು ಕಾವು ಕೊಡಿ. ರಾಯಚೂರು ಬಿಸಿಲಲ್ಲಿ ಬಿಸಿನೀರಿನ ಚೀಲವಾ ಅಂತ ಮೂಗು ಮುರಿಯಬೇಡಿ, ಫ್ಯಾನ್ ಹಾಕಿಕೊಂಡೇ ಇಟ್ಟುಕೊಳ್ಳಿ. ಟವೆಲ್ ಸುತ್ತಿ ಕಿಬ್ಬೊಟ್ಟೆಗೆ ಅಥವಾ ಸೊಂಟಕ್ಕೆ 15–20 ನಿಮಿಷ. ಕುದಿಯುವ ನೀರು ಮಾತ್ರ ತುಂಬಬೇಡಿ. ಚೀಲ ನನ್ನ ರೂಮಿನಲ್ಲಿದೆ, ರಾತ್ರಿ ಎಷ್ಟೊತ್ತಾದರೂ ಬಾಗಿಲು ತಟ್ಟಿ.

ಆಮೇಲೆ ಚಾಪೆ ಮೇಲೆ ಮಂಡಿ, ಅಂಗೈ ಊರಿ. ಉಸಿರು ಬಿಡುತ್ತಾ ಬೆನ್ನು ಮೇಲೆತ್ತಿ, ಎಳೆದುಕೊಳ್ಳುತ್ತಾ ಕೆಳಗಿಳಿಸಿ. ಹತ್ತು ಸಲ, ನಿಧಾನಕ್ಕೆ. ಕೊನೆಗೆ ಹಿಮ್ಮಡಿ ಮೇಲೆ ಕೂತು ಮುಂದಕ್ಕೆ ಬಾಗಿ, ಹಣೆ ನೆಲಕ್ಕೆ ತಾಗಿಸಿ.

ಜಾಸ್ತಿ ಲಾಭ ಇರುವುದು ಉಳಿದ ದಿನಗಳ ವ್ಯಾಯಾಮದಲ್ಲಿ. ವಾರಕ್ಕೆ 3 ದಿನ, 45–60 ನಿಮಿಷ ಯೋಗ ಅಥವಾ ಬಿರುಸು ನಡಿಗೆ. ಬಿಸಿಲೇರುವ ಮುಂಚೆ ನಾಲ್ಕೈದು ಮಂದಿ ಸೇರಿ ಹೋದರೆ ಬೇಜಾರಾಗಲ್ಲ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು, ಬಿಡಬೇಡಿ.

ಫಿಸಿಯೋಥೆರಪಿಸ್ಟ್ ಹತ್ತಿರ ನೋವು ತಗ್ಗಿಸುವ ಟೆನ್ಸ್ ಅನ್ನೋ ಯಂತ್ರ ಇರುತ್ತದೆ. ಚರ್ಮಕ್ಕೆ ಪಟ್ಟಿ ಅಂಟಿಸಿ ಸಣ್ಣ ಕರೆಂಟ್ ಕೊಡುತ್ತಾರೆ, ಜುಮ್ ಅನ್ನುತ್ತದೆ ಅಷ್ಟೇ.

ನೋವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಮುಟ್ಟಿಲ್ಲದಾಗಲೂ ಬಂದರೆ, ಗಂಟೆಗೊಂದು ಪ್ಯಾಡ್ ನೆನೆದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು. ನನಗೆ ಹೇಳಿ, ಜೊತೆಗೆ ಬರುತ್ತೇನೆ.