ಕಾರ್ಡಿಯೋಮಯೋಪಥಿಗೆ ಕೋಷ್ಟಕವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಶಿಕ್ಷಣ ಪುಟದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಪ್ರಕಟವಾದ, ಹೃದಯಸ್ನಾಯುವಿನ ಕಾಯಿಲೆಯಾದ ಕಾರ್ಡಿಯೋಮಯೋಪಥಿಯ ಬಗೆಗಳ ಕೋಷ್ಟಕವನ್ನು ಓದಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿ ಎಂಬಿಬಿಎಸ್ ಸೇರಿದ ಮಕ್ಕಳಿಗೆ ಇಂಥದ್ದು ಕನ್ನಡದಲ್ಲಿ ಸಿಗುವುದೇ ಅಪರೂಪವಾದ್ದರಿಂದ ಸಂತೋಷವಾಯಿತು. ಆದರೆ ಡೈಲೇಟೆಡ್ (ಹೃದಯ ಹಿಗ್ಗುವ), ಹೈಪರ್‌ಟ್ರೋಫಿಕ್ (ಸ್ನಾಯು ದಪ್ಪಗಾಗುವ), ರಿಸ್ಟ್ರಿಕ್ಟಿವ್ (ಗೋಡೆ ಬಿಗಿದು ರಕ್ತ ತುಂಬಿಕೊಳ್ಳಲು ಕಷ್ಟವಾಗುವ) ಎಂಬ ಮೂರು ಕಲಂಗಳನ್ನು ಬಾಯಿಪಾಠ ಮಾಡಿದವರು, ಪರೀಕ್ಷೆಯಲ್ಲಿ ರೋಗಿಯೊಬ್ಬನ ವಿವರ ಎದುರಾದಾಗ ತಬ್ಬಿಬ್ಬಾಗುತ್ತಾರೆ. ಏಕೆಂದರೆ ಏದುಸಿರು, ಸುಸ್ತು, ಕಾಲಿನ ಬಾವು ಮೂರರಲ್ಲೂ ಇರಬಹುದು.

ಹೃದಯಕ್ಕೆ ಕಷ್ಟವಾಗಿರುವುದು ರಕ್ತವನ್ನು ಹೊರದೂಡುವುದೋ, ತುಂಬಿಕೊಳ್ಳುವುದೋ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಡೈಲೇಟೆಡ್ ಬಗೆಯಲ್ಲಿ ಎಡ ಹೃತ್ಕುಕ್ಷಿ (ರಕ್ತವನ್ನು ಹೊರದೂಡುವ ಕೆಳಕೋಣೆ) ಹಿಗ್ಗಿ ಅದರ ಸಂಕೋಚನ ಶಕ್ತಿ ಕುಂದುತ್ತದೆ. ಮದ್ಯಪಾನ, ವೈರಸ್ ಸೋಂಕು, ಇತ್ತೀಚಿನ ಹೆರಿಗೆ, ಕ್ಯಾನ್ಸರ್ ಔಷಧಿಯಾದ ಡಾಕ್ಸೊರುಬಿಸಿನ್ ಚಿಕಿತ್ಸೆ ಮುಂತಾದ ಸುಳಿವು ಸಾಮಾನ್ಯವಾಗಿ ಪ್ರಶ್ನೆಯಲ್ಲೇ ಇರುತ್ತದೆ.

ಹೆಚ್ಚಿನವರು ಎಡವುವುದು ಹೈಪರ್‌ಟ್ರೋಫಿಕ್ ಬಗೆಯಲ್ಲಿ. ಕೋಷ್ಟಕದಲ್ಲಿ ‘ಸಿಸ್ಟೋಲಿಕ್ ಮರ್ಮರ್’ (ಹೃದಯ ಸಂಕುಚಿಸುವಾಗ ಸ್ಟೆತಸ್ಕೋಪಿನಲ್ಲಿ ಕೇಳಿಸುವ ಅಸಹಜ ಸದ್ದು) ಎಂದಷ್ಟೇ ಇದೆ. ಮಹಾಪಧಮನಿಯ ಕವಾಟ ಕಿರಿದಾಗುವ ಅಯೋರ್ಟಿಕ್ ಸ್ಟೆನೋಸಿಸ್‌ನಲ್ಲೂ ಅದು ಕೇಳಿಸುತ್ತದಲ್ಲ! ರೋಗಿ ಎದ್ದು ನಿಂತಾಗ ಅಥವಾ ಉಸಿರು ಬಿಗಿಹಿಡಿದು ತಿಣುಕಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಹೃತ್ಕುಕ್ಷಿ ಕಿರಿದಾಗಿ, ದಪ್ಪಗಾದ ನಡುಗೋಡೆಯೂ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವೂ ಇನ್ನಷ್ಟು ಹತ್ತಿರ ಬಂದು ರಕ್ತದ ದಾರಿಯನ್ನು ಇಕ್ಕಟ್ಟಾಗಿಸುವುದರಿಂದ ಇಲ್ಲಿ ಮರ್ಮರ್ ಜೋರಾಗುತ್ತದೆ. ಕುಕ್ಕುರುಗಾಲಿನಲ್ಲಿ ಕುಳಿತಾಗ ತಗ್ಗುತ್ತದೆ. ಅಯೋರ್ಟಿಕ್ ಸ್ಟೆನೋಸಿಸ್‌ನಲ್ಲಿ ತಿಣುಕಿದರೆ ಅದು ಕ್ಷೀಣಿಸುತ್ತದೆ. ಈ ಕಾರಣ ತಿಳಿದವರು, ರಕ್ತನಾಳಗಳನ್ನು ಹಿಗ್ಗಿಸಿ ಹೃದಯಕ್ಕೆ ಮರಳುವ ರಕ್ತವನ್ನು ತಗ್ಗಿಸುವ ನೈಟ್ರೇಟ್ ಔಷಧಿಯನ್ನು ಇಂಥ ರೋಗಿಗೆ ಏಕೆ ಕೊಡಬಾರದೆಂಬುದನ್ನು ಪ್ರತ್ಯೇಕವಾಗಿ ಉರುಹೊಡೆಯಬೇಕಿಲ್ಲ.

ನನ್ನ ಮುಖ್ಯ ಆಕ್ಷೇಪವಿರುವುದು ರಿಸ್ಟ್ರಿಕ್ಟಿವ್ ಕಲಂ ಬಗ್ಗೆ. ಅಲ್ಲಿ ಅಸಹಜ ಪ್ರೋಟೀನು ಹೃದಯಸ್ನಾಯುವಿನಲ್ಲಿ ಶೇಖರವಾಗುವ ಅಮೈಲಾಯ್ಡೋಸಿಸ್ ಇದೆ, ಆದರೆ ಹೃದಯದ ಅಲ್ಟ್ರಾಸೌಂಡ್ ಆದ ಎಕೋದಲ್ಲಿ ಗೋಡೆ ದಪ್ಪವಾಗಿ ಕಂಡರೂ ಇಸಿಜಿಯ ಅಲೆಗಳು ಗಿಡ್ಡವಾಗಿರುತ್ತವೆಂಬ, ಪರೀಕ್ಷಕರಿಗೆ ಬಲು ಪ್ರಿಯವಾದ ಸುಳಿವಿಲ್ಲ. ಹೃದಯದ ಒಳಪದರ ನಾರುಗಟ್ಟುವ ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್‌ನ ಹೆಸರಂತೂ ಇಲ್ಲವೇ ಇಲ್ಲ. ಕೇರಳದ ಕರಾವಳಿಯ ಬಡವರನ್ನು, ಅದರಲ್ಲೂ ಎಳೆಯರನ್ನು ಒಂದು ಕಾಲಕ್ಕೆ ಕಾಡಿದ ರೋಗವಿದು. ಇದರಲ್ಲಿ ಮೆಗ್ನೀಸಿಯಂ ಕೊರತೆಯ ಜೊತೆಗೆ ಸೀರಿಯಂ ಧಾತುವಿನ ಪಾತ್ರವೂ ಇರಬಹುದೆಂಬ ವಾದವನ್ನು ಮುಂದಿಟ್ಟವರು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಸಂಗಡಿಗರು. ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ, ರೋಗ ಮಾತ್ರ ಈಗ ವಿರಳವಾಗಿದೆ. ಹೃತ್ಕುಕ್ಷಿಯ ತುದಿ ನಾರುಗಟ್ಟಿ ಮುಚ್ಚಿಹೋಗಿ ಹೃತ್ಕರ್ಣಗಳು (ಮೇಲಿನ ಕೋಣೆಗಳು) ಭಾರೀ ಹಿಗ್ಗುವುದು, ಬಲಭಾಗಕ್ಕೆ ತಗುಲಿದಾಗ ಕಾಲಿನ ಬಾವಿಗಿಂತ ಹೊಟ್ಟೆಯಲ್ಲಿ ತುಂಬಿದ ನೀರೇ ಎದ್ದುಕಾಣುವುದು ಇದರ ಗುರುತು. ನಮ್ಮ ರಾಜ್ಯದ ರೋಗವನ್ನೇ ಬಿಟ್ಟು ಉಳಿದುದನ್ನು ಕಲಿಸುವುದು ಸರಿಯಲ್ಲ.

ಕೋಷ್ಟಕವನ್ನು ಮರುಪ್ರಕಟಿಸುವಾಗ ಇವನ್ನೂ, ಜಾಗವಿದ್ದರೆ ಬಲ ಹೃತ್ಕುಕ್ಷಿಯ ಸ್ನಾಯುವಿನ ಜಾಗದಲ್ಲಿ ಕೊಬ್ಬು, ನಾರು ಸೇರಿಕೊಂಡು ಹೃದಯಬಡಿತದ ಲಯ ತಪ್ಪಿಸುವ ಅರಿದ್ಮೋಜೆನಿಕ್ ಬಗೆಯನ್ನೂ ಸೇರಿಸಬೇಕಾಗಿ ವಿನಂತಿ.

– ನಿವೃತ್ತ ವೈದ್ಯಕೀಯ ಅಧ್ಯಾಪಕ, ಬದಿಯಡ್ಕ, ಕಾಸರಗೋಡು